ಯಾವ ಉಪ್ಪು ಅನ್ನೋದು ಬೆಟ್ಟದಲ್ಲೇ ನಿಕ್ಕಿ ಆಗಿರುತ್ತೆ: ಮರುಭೂಮಿಯ ಉಪ್ಪಿನ ಬಯಲುಗಳ ಕೆಮಿಸ್ಟ್ರಿ

(ತುಂಗಭದ್ರಾ ಅಚ್ಚುಕಟ್ಟಿನ ಒಂದು ಊರಲ್ಲಿ ಕಾಲೇಜು ಮಕ್ಕಳು, ಮೇಷ್ಟ್ರುಗಳು, ಸುತ್ತಮುತ್ತಲ ರೈತರು ಸೇರಿದ್ದ ಸಭೆಯಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೀನಿ, ಮಾತಿನ ಧಾಟಿ ಹಾಗೇ ಇದೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ.

ಉಪ್ಪು ಅಂದ ಕೂಡಲೇ ನಮಗೆ ಸಮುದ್ರ ನೆನಪಾಗುತ್ತೆ, ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ ಗದ್ದೆ ಥರ ಕಟ್ಟೆ ಕಟ್ಟಿ ಸಮುದ್ರದ ನೀರು ಒಣಗಿಸೋದನ್ನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ಇವತ್ತು ನಾನು ಹೇಳೋಕೆ ಹೊರಟಿರೋದು ಸಮುದ್ರದ ಹಂಗೇ ಇಲ್ಲದ ಉಪ್ಪಿನ ಬಗ್ಗೆ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ಸುತ್ತ ಬೆಟ್ಟ, ಮಧ್ಯೆ ಕಣ್ಣು ಹಾಯೋವರೆಗೂ ಬಿಳಿ ಬಯಲು, ಮಳೆ ಅಂದ್ರೆ ವರ್ಷಕ್ಕೆ ಬೆರಳಷ್ಟು. ಬೊಲಿವಿಯಾದ ಉಯುನಿ ಬಯಲಿನ ಫೋಟೋ ನೀವೆಲ್ಲ ಮೊಬೈಲಲ್ಲಿ ನೋಡಿದ್ದೀರಿ, ಸಮುದ್ರಮಟ್ಟದಿಂದ 3,650 ಮೀಟರ್ ಮೇಲೆ, ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡದು, ಮಳೆ ಬಂದಾಗ ಆಕಾಶವೇ ಕೆಳಗೆ ಬಿದ್ದ ಹಾಗೆ ಕಾಣುತ್ತಲ್ಲ, ಅದು. ಆದ್ರೆ ನಾನು ಇವತ್ತು ಉಯುನಿಗಿಂತ ಹೆಚ್ಚಾಗಿ ಮಾತಾಡೋದು ಅಮೆರಿಕದ ಕ್ಯಾಲಿಫೋರ್ನಿಯಾದ ಪೂರ್ವಭಾಗದಲ್ಲಿರೋ ಒಂದು ಸಾಲು ಬಯಲುಗಳ ಬಗ್ಗೆ, ಓವೆನ್ಸ್, ಸರ್ಲ್ಸ್, ಡೆತ್ ವ್ಯಾಲಿ. ಯಾಕಂದ್ರೆ ಅಲ್ಲಿ ಪಕ್ಕಪಕ್ಕದಲ್ಲೇ ಇರೋ ಬಯಲುಗಳಲ್ಲಿ ಬೇರೆ ಬೇರೆ ಉಪ್ಪು ಇದೆ, ಒಂದರಲ್ಲಿ ವಾಷಿಂಗ್ ಸೋಡಾ, ಬಿಳಿಗಾರ, ಇನ್ನೊಂದರಲ್ಲಿ ಹೆಚ್ಚಾಗಿ ಅಡಿಗೆ ಉಪ್ಪು ಮತ್ತು ಜಿಪ್ಸಂ. ಅದೇ ಬಿಸಿಲು, ಅದೇ ಗಾಳಿ. ಹಾಗಿದ್ರೆ ಉಪ್ಪು ಯಾಕೆ ಬೇರೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಉಪ್ಪಿನ ಬಯಲು ಪೂರ್ತಿ ಅರ್ಥ ಆದ ಹಾಗೆ ಅಂತ ನನ್ನ ಅಭಿಪ್ರಾಯ. ಉತ್ತರ ಬಯಲಿನಲ್ಲಿಲ್ಲ, ಮೇಲೆ ಬೆಟ್ಟದಲ್ಲಿದೆ.

ಮೊದಲು ಜಾಗ ಹೇಗಿದೆ ನೋಡೋಣ. ನಮ್ಮ ತುಂಗಭದ್ರೆ ಕೃಷ್ಣೆಗೆ ಸೇರಿ ಕೃಷ್ಣೆ ಸಮುದ್ರ ಸೇರುತ್ತೆ, ಹಾಗಾಗಿ ನೀರು ಬೆಟ್ಟದಿಂದ ಕರಗಿಸಿಕೊಂಡು ಬಂದಿದ್ದೆಲ್ಲ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತೆ. ಮರುಭೂಮಿಯ ಈ ಜಾಗಗಳಲ್ಲಿ ಆ ದಾರಿಯೇ ಇಲ್ಲ. ನೆಲ ಬಟ್ಟಲಿನ ಆಕಾರ, ನೀರು ಒಳಗೆ ಬರುತ್ತೆ, ಹೊರಗೆ ಹೋಗೋಕೆ ಆಕಾಶ ಒಂದೇ ದಾರಿ. ಆವಿಯಾಗಿ ಹೋಗೋದು ನೀರು ಮಾತ್ರ, ಅದು ಹೊತ್ತು ತಂದಿದ್ದು ಅಲ್ಲೇ ಉಳಿಯುತ್ತೆ. ಇದು ಸಾವಿರ ವರ್ಷ, ಲಕ್ಷ ವರ್ಷ ನಡೆದ್ರೆ? ನಾವು ಕುಡಿಯೋ ಸಿಹಿನೀರಲ್ಲೂ ಲೀಟರಿಗೆ ಒಂದಷ್ಟು ಮಿಲಿಗ್ರಾಂ ಲವಣ ಇದ್ದೇ ಇರುತ್ತೆ, ನಾಲಿಗೆಗೆ ಗೊತ್ತಾಗಲ್ಲ ಅಷ್ಟೇ. ಹಿಮಯುಗದಲ್ಲಿ ಈ ಕ್ಯಾಲಿಫೋರ್ನಿಯಾ ಬಟ್ಟಲುಗಳು ತುಂಬಿ ತುಳುಕ್ತಾ ಇದ್ದವು. ಸಿಯೆರಾ ನೆವಾಡಾ ಅನ್ನೋ ಬೆಟ್ಟಸಾಲಿನ ಹಿಮ ಕರಗಿ ಓವೆನ್ಸ್ ನದಿಯಾಗಿ ಓವೆನ್ಸ್ ಕೆರೆ ತುಂಬಿ, ಅದು ಕೋಡಿ ಬಿದ್ದು ಚೈನಾ ಲೇಕ್‌ಗೆ, ಅಲ್ಲಿಂದ ಸರ್ಲ್ಸ್‌ಗೆ, ಅಲ್ಲಿಂದ ಪ್ಯಾನಮಿಂಟ್ ಕಣಿವೆಗೆ, ತುಂಬಾ ನೀರಿದ್ದ ಕಾಲದಲ್ಲಿ ಅದನ್ನೂ ದಾಟಿ ಡೆತ್ ವ್ಯಾಲಿವರೆಗೆ. ಸರ್ಲ್ಸ್‌ನಲ್ಲಿ ಒಂದು ಕಾಲಕ್ಕೆ ಸುಮಾರು 200 ಮೀಟರ್ ಆಳ ನೀರಿತ್ತು. ಈಗ ಹೋದ್ರೆ ಕಾಲಿಗೆ ಸಿಗೋದು ಉಪ್ಪಿನ ಹೆಪ್ಪು.

ಈಗ ನೀರು ಆರ್ತಾ ಬಂದಾಗ ಏನಾಗುತ್ತೆ ಅಂತ ನೋಡೋಣ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಇದೇ ಮುಖ್ಯ.

ಬೆಟ್ಟದ ಗ್ರಾನೈಟ್ ಮೇಲೆ ಮಳೆ ಬೀಳುತ್ತೆ. ಮಣ್ಣಿನೊಳಗಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿ ಸ್ವಲ್ಪ ಹುಳಿ ಆಗುತ್ತೆ, ಆ ಹುಳಿನೀರು ಗ್ರಾನೈಟಿನ ಫೆಲ್ಡ್‌ಸ್ಪಾರ್ ಖನಿಜವನ್ನ ತಿನ್ನುತ್ತೆ. ಅದರಿಂದ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಇವೆಲ್ಲ ನೀರಿಗೆ ಬರುತ್ತೆ. ಜೊತೆಗೆ ಒಂದಿಷ್ಟು ಮೆಗ್ನೀಸಿಯಂ, ಸಲ್ಫೇಟ್, ಕ್ಲೋರೈಡ್. ನೀರು ಆರ್ತಾ ಹೋದ ಹಾಗೆ ಮೊದಲು ಕೂರೋದು ಯಾವುದು ಅಂದ್ರೆ ಅತಿ ಕಮ್ಮಿ ಕರಗೋದು, ಅಂದ್ರೆ ಕ್ಯಾಲ್ಸೈಟ್, ಕ್ಯಾಲ್ಸಿಯಂ ಕಾರ್ಬೊನೇಟು, ನಮ್ಮ ಬೋರ್‌ವೆಲ್ ನೀರು ಕಾಯಿಸಿದ್ರೆ ಪಾತ್ರೆ ತಳಕ್ಕೆ ಹಿಡಿಯೋ ಬಿಳಿ ಕರೆ ಇದೆಯಲ್ಲ, ಹೆಚ್ಚಿನಂಶ ಅದೇ. ಶುದ್ಧ ನೀರಲ್ಲಿ ಲೀಟರಿಗೆ ಹದಿನಾಲ್ಕು ಮಿಲಿಗ್ರಾಂ ಅಷ್ಟೇ ಕರಗುತ್ತೆ. ಅದಾದ ಮೇಲೆ ಜಿಪ್ಸಂ, ಅಂದ್ರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟು, ಲೀಟರಿಗೆ ಎರಡು ಎರಡೂವರೆ ಗ್ರಾಂ. ಅಡಿಗೆ ಉಪ್ಪು ಅಂದ್ರೆ ಹ್ಯಾಲೈಟ್ ಅಂತೂ 360 ಗ್ರಾಂವರೆಗೆ ಕರಗುತ್ತೆ, ಹಾಗಾಗಿ ಅದು ಕೂರೋದು ಕೊನೆಗೆ. ಇಷ್ಟು ಪಿಯುಸಿ ಮಕ್ಕಳಿಗೆಲ್ಲ ಗೊತ್ತು.

ಆದ್ರೆ ಇದರೊಳಗೆ ಒಂದು ಸೂಕ್ಷ್ಮ ಇದೆ. ಕ್ಯಾಲ್ಸೈಟ್ ಕೂರಬೇಕಾದ್ರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡೂ ಸಮಸಮ ಹೋಗಬೇಕು. ಬೆಟ್ಟದಿಂದ ಬಂದ ನೀರಲ್ಲಿ ಅವೆರಡೂ ಸರಿಯಾಗಿ ಸಮ ಇರೋದು ಅನ್ನೋದು ಎಲ್ಲೂ ಇಲ್ಲ, ಯಾವುದೋ ಒಂದು ಚೂರು ಜಾಸ್ತಿ ಇದ್ದೇ ಇರುತ್ತೆ. ತಟ್ಟೆಯಲ್ಲಿ ಅನ್ನ ಸಾರು ಕಲಸಿಕೊಂಡು ತಿಂತಾ ಹೋದ್ರೆ ಯಾವುದು ಕಮ್ಮಿ ಬಡಿಸಿದ್ದಾರೋ ಅದು ಮೊದಲು ಖಾಲಿ, ಇನ್ನೊಂದು ಉಳಿಯುತ್ತೆ, ಅಲ್ವಾ? ಕ್ಯಾಲ್ಸಿಯಂ ಜಾಸ್ತಿ ಇದ್ರೆ ಕಾರ್ಬೊನೇಟ್ ಹೆಚ್ಚುಕಮ್ಮಿ ಪೂರ್ತಿ ಖಾಲಿಯಾಗಿ ಕ್ಯಾಲ್ಸಿಯಂ ಉಳ್ಕೊಳ್ಳುತ್ತೆ. ಕಾರ್ಬೊನೇಟ್ ಜಾಸ್ತಿ ಇದ್ರೆ ಕ್ಯಾಲ್ಸಿಯಂ ಖಾಲಿ. ಆಮೇಲೆ ನೀರು ಇನ್ನೂ ನೂರು ಪಟ್ಟು ಸಾವಿರ ಪಟ್ಟು ಆರ್ತಾ ಹೋಗುತ್ತೆ, ಆ ಉಳಿದ ಚೂರೇ ಗಟ್ಟಿಯಾಗ್ತಾ ಹೋಗುತ್ತೆ, ಕೊನೆಗೆ ಆ ಕೆರೆಯ ಸ್ವಭಾವವೇ ಅದಾಗಿಬಿಡುತ್ತೆ. ಕರಗುವಿಕೆಯ ಗುಣಲಬ್ಧ ಅಂತ ಓದಿದ್ದೀರಲ್ಲ, ಒಂದು ಏರಿದ್ರೆ ಇನ್ನೊಂದು ಇಳಿಯಲೇಬೇಕು. ಹಾಗಾಗಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡೂ ತುಂಬಿರೋ ಉಪ್ಪುನೀರಿನ ಕೆರೆ ಪ್ರಪಂಚದಲ್ಲಿ ಎಲ್ಲೂ ಸಿಗಲ್ಲ. ಇಲ್ಲಿ ದಾರಿ ಎರಡಾಗಿ ಕವಲೊಡೆಯುತ್ತೆ. ಕ್ಯಾಲ್ಸಿಯಂ ಉಳಿದ ದಾರಿಯಲ್ಲಿ ಮುಂದೆ ಹೋದ್ರೆ ಜಿಪ್ಸಂ ಹತ್ರ ಇನ್ನೊಂದು ಕವಲು, ಅಲ್ಲೂ ಇದೇ ಲೆಕ್ಕ, ಕ್ಯಾಲ್ಸಿಯಂ ಗೆಲ್ಲುತ್ತೋ ಸಲ್ಫೇಟ್ ಗೆಲ್ಲುತ್ತೋ.

1967ರಲ್ಲಿ ಗ್ಯಾರಲ್ಸ್ ಮತ್ತು ಮೆಕೆಂಜಿ ಅನ್ನೋ ಇಬ್ಬರು ಇದೇ ಸಿಯೆರಾ ನೆವಾಡಾದ ಒರತೆ ನೀರಿನ ವಿಶ್ಲೇಷಣೆ ಇಟ್ಕೊಂಡು, ಈ ನೀರನ್ನ ಆರಿಸ್ತಾ ಹೋದ್ರೆ ಕೊನೆಗೆ ಏನು ಸಿಗುತ್ತೆ ಅಂತ ಲೆಕ್ಕ ಹಾಕಿದ್ರು. ಲ್ಯಾಬಲ್ಲಿ ಒಲೆ ಹಚ್ಚಲಿಲ್ಲ, ಲೆಕ್ಕದಲ್ಲೇ. ಬಂದ ಉತ್ತರ ಸೋಡಾ ಕೆರೆ, ಅಂದ್ರೆ ಸೋಡಿಯಂ ಕಾರ್ಬೊನೇಟ್ ತುಂಬಿದ ಕ್ಷಾರದ ಕೆರೆ, ಪಿಎಚ್ 10ರ ಆಸುಪಾಸು. ಬೆಟ್ಟದ ಬುಡದಲ್ಲಿ ನಿಜವಾಗ್ಲೂ ಇರೋದು ಅಂಥದ್ದೇ ಕೆರೆಗಳು! ಮೂರು ವರ್ಷದ ನಂತರ 1970ರಲ್ಲಿ ಹಾರ್ಡಿ ಮತ್ತು ಯೂಗ್‌ಸ್ಟರ್ ಅನ್ನೋರು ಇದನ್ನೇ ವಿಸ್ತರಿಸಿ ಕವಲುಗಳ ಪೂರ್ತಿ ನಕ್ಷೆ ಕೊಟ್ಟರು, ಇವತ್ತಿಗೂ ಉಪ್ಪುಕೆರೆಗಳ ಬಗ್ಗೆ ಕೆಲಸ ಮಾಡೋರು ಅಲ್ಲಿಂದಲೇ ಶುರು ಮಾಡ್ತಾರೆ. ನನಗೆ ಭೂರಸಾಯನದಲ್ಲಿ ಇದಕ್ಕಿಂತ ಚಂದದ ವಿಚಾರ ಇನ್ನೊಂದು ಸಿಕ್ಕಿಲ್ಲ. ಒರತೆಯಲ್ಲಿ ಒಂದು ಲೋಟ ನೀರು ಹಿಡಿದು ಎರಡು ಅಂಕಿ ಹೋಲಿಸಿದ್ರೆ, ಹತ್ತು ಸಾವಿರ ವರ್ಷ ಆದ್ಮೇಲೆ ಕೆಳಗಿನ ಬಯಲಲ್ಲಿ ಸೋಡಾ ಇರುತ್ತೋ ಜಿಪ್ಸಂ ಇರುತ್ತೋ ಹೇಳಬಹುದು ಅಂದ್ರೆ ಏನು ಸಾಮಾನ್ಯನಾ?

ಇದು ಕಣ್ಣಿಗೆ ಕಾಣಬೇಕು ಅಂದ್ರೆ ಸರ್ಲ್ಸ್ ಬಯಲಿನ ದಕ್ಷಿಣಕ್ಕೆ ಟ್ರೋನಾ ಪಿನಾಕಲ್ಸ್ ಅನ್ನೋ ಜಾಗ ನೋಡಬೇಕು. ಬಯಲಿನಿಂದ ಎದ್ದು ನಿಂತ 500ಕ್ಕೂ ಹೆಚ್ಚು ಸುಣ್ಣದ ಗೋಪುರಗಳು, ಕೆಲವು 40 ಮೀಟರ್ ದಾಟುತ್ತೆ. ಕೆರೆ ತುಂಬಿದ್ದ ಕಾಲದಲ್ಲಿ ನೀರು ಕಾರ್ಬೊನೇಟ್‌ನಿಂದ ತುಂಬಿತ್ತು, ಕ್ಯಾಲ್ಸಿಯಂ ಖಾಲಿಯಾಗಿತ್ತು. ಕೆರೆ ತಳದ ಬಿರುಕುಗಳಿಂದ ಕ್ಯಾಲ್ಸಿಯಂ ಇರೋ ಒರತೆ ಉಕ್ಕಿತು. ಎರಡೂ ಸೇರಿದ ಜಾಗದಲ್ಲಿ ಅಲ್ಲಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಒರತೆಯ ಬಾಯಿ ಸುತ್ತ ಗೋಪುರ ಬೆಳೀತಾ ಹೋಯ್ತು. ಕೆರೆ ಬತ್ತಿತು, ಗೋಪುರ ನಿಂತಿದೆ.

ಸರ್ಲ್ಸ್ ಬಗ್ಗೆ ನಾನು ಎಷ್ಟು ಹೇಳಿದ್ರೂ ಸಾಲದು. ಮೇಲೆ ನೋಡಿದ್ರೆ ಸುಮಾರು ನೂರು ಚದರ ಕಿಲೋಮೀಟರ್ ಉಪ್ಪಿನ ಹೆಪ್ಪು, ಕೆಳಗೆ ಕೊರೆದ್ರೆ ಒಂದು ಪದರ ಉಪ್ಪು, ಒಂದು ಪದರ ಕೆಸರು, ಮತ್ತೆ ಉಪ್ಪು, ಮತ್ತೆ ಕೆಸರು. ಕೆಸರು ಅಂದ್ರೆ ಕೆರೆ ತುಂಬಿದ್ದ ಕಾಲ, ಉಪ್ಪು ಅಂದ್ರೆ ಬತ್ತಿದ ಕಾಲ. ಅಲ್ಲಿ ಇರೋ ಖನಿಜಗಳು ಹ್ಯಾಲೈಟ್ ಒಂದೇ ಅಲ್ಲ. ಟ್ರೋನಾ ಇದೆ, ಅದು ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ನೀರಿನ ಜೊತೆ ಸೇರಿ ಹರಳಾಗಿದ್ದು, ಊರಿನ ಹೆಸರೂ ಟ್ರೋನಾನೇ. ಬೋರಾಕ್ಸ್ ಇದೆ, ನಮ್ಮ ಬಿಳಿಗಾರ, ಅಕ್ಕಸಾಲಿಗರು ಬೆಸುಗೆ ಹಾಕುವಾಗ ಬಳಸ್ತಾರಲ್ಲ ಅದೇ. ಬರ್ಕೈಟ್, ಥೆನಾರ್ಡೈಟ್, ನಾರ್ಥುಪೈಟ್, ಹೀಗೆ ಸಾಲುಸಾಲು. ಮತ್ತೆ ಹ್ಯಾಂಕ್‌ಸೈಟ್, ಇದನ್ನ ಸ್ವಲ್ಪ ವಿವರವಾಗಿ ಹೇಳಲೇಬೇಕು. ಒಂದು ಹರಳಿನ ಲೆಕ್ಕದಲ್ಲಿ 22 ಸೋಡಿಯಂ, 1 ಪೊಟ್ಯಾಸಿಯಂ, 9 ಸಲ್ಫೇಟ್, 2 ಕಾರ್ಬೊನೇಟ್, 1 ಕ್ಲೋರೈಡ್. ಕಾರ್ಬೊನೇಟ್, ಸಲ್ಫೇಟ್, ಕ್ಲೋರೈಡ್ ಮೂರೂ ಒಂದೇ ಹರಳಲ್ಲಿ ಕೂತಿರೋ ಖನಿಜಗಳು ಬಹಳ ಅಪರೂಪ. ಯಾಕೆ ಸಾಧ್ಯ ಆಯ್ತು ಅಂದ್ರೆ ಕ್ಯಾಲ್ಸಿಯಂ ಮೊದಲೇ ಖಾಲಿಯಾಗಿತ್ತಲ್ಲ, ಹಾಗಾಗಿ ಸಲ್ಫೇಟನ್ನ ಜಿಪ್ಸಂ ಮಾಡಿ ಕೂರಿಸೋಕೆ ಯಾರೂ ಇರಲಿಲ್ಲ, ಅದೂ ಉಳೀತು, ಕಾರ್ಬೊನೇಟೂ ಉಳೀತು, ಕೊನೆಯ ಗಟ್ಟಿ ನೀರಲ್ಲಿ ಎಲ್ಲರೂ ಒಟ್ಟಿಗೆ ಸಿಕ್ಕಿಹಾಕಿಕೊಂಡರು. ಹಸಿರು ಮಿಶ್ರಿತ ಹಳದಿ ಬಣ್ಣದ ಆರು ಮುಖದ ಹರಳುಗಳು. ಕ್ಯಾಲಿಫೋರ್ನಿಯಾ ರಾಜ್ಯದ ಮೊದಲ ಖನಿಜತಜ್ಞ ಹೆನ್ರಿ ಹ್ಯಾಂಕ್ಸ್ ಅವರ ಹೆಸರಿಟ್ಟಿದ್ದಾರೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಟ್ರೋನಾ ಊರಲ್ಲಿ ಜನ ಕೆಸರಿಗೆ ಇಳಿದು ಈ ಹರಳು ಹುಡುಕೋ ಹಬ್ಬವೇ ನಡೆಯುತ್ತೆ, ಆದ್ರೆ ಸಿಕ್ಕ ಹರಳನ್ನ ಮನೆಗೆ ತಂದು ನಲ್ಲಿ ನೀರಲ್ಲಿ ತೊಳೆದ್ರೆ ಕರಗೋಕೆ ಶುರು, ಅದಕ್ಕೇ ಅಲ್ಲೇ ಡ್ರಮ್ಮಲ್ಲಿ ಇಟ್ಟಿರೋ ಗಟ್ಟಿ ಉಪ್ಪುನೀರಲ್ಲಿ ತೊಳೀತಾರೆ, ಆ ನೀರಲ್ಲಿ ಇನ್ನು ಕರಗೋಕೆ ಜಾಗ ಇರಲ್ಲವಲ್ಲ. ಬೋರಾಕ್ಸ್ ಹರಳಿನ ಕಥೆ ಇನ್ನೂ ಕಷ್ಟ, ಗಾಳಿಗೆ ಇಟ್ರೆ ಒಳಗಿನ ನೀರು ಬಿಟ್ಟುಕೊಟ್ಟು ಸುಣ್ಣದ ಪುಡಿ ಥರ ಬೆಳ್ಳಗಾಗುತ್ತೆ.

ಈ ಬೋರಾಕ್ಸ್‌ನಲ್ಲಿರೋ ಬೋರಾನ್ ಎಲ್ಲಿಂದ ಬಂತು ಅಂತ ಕೇಳಬಹುದು. ಗ್ರಾನೈಟಿಂದ ಅಷ್ಟೊಂದು ಬರಲ್ಲ. ಓವೆನ್ಸ್ ನದಿಯ ತಲೆಯ ಹತ್ರ ಲಾಂಗ್ ವ್ಯಾಲಿ ಅಂತ ಒಂದು ದೈತ್ಯ ಜ್ವಾಲಾಮುಖಿ ಕುಳಿ ಇದೆ, 7 ಲಕ್ಷ 60 ಸಾವಿರ ವರ್ಷದ ಹಿಂದೆ ಸ್ಫೋಟಿಸಿದ್ದು. ಅಲ್ಲಿನ ಬಿಸಿನೀರ ಬುಗ್ಗೆಗಳು ಇವತ್ತಿಗೂ ಬೋರಾನ್, ಲಿಥಿಯಂ, ಆರ್ಸೆನಿಕ್ ಹೊತ್ತು ತಂದು ನದಿಗೆ ಸುರೀತಾ ಇವೆ. ನೂರಾರು ಕಿಲೋಮೀಟರ್ ಕೆಳಗೆ ಸರ್ಲ್ಸ್‌ನಲ್ಲಿ ಅದೆಲ್ಲ ಸೇರಿಕೊಂಡಿದೆ. ನೋಡಿ, ಮತ್ತೆ ಬೆಟ್ಟ.

ಇಲ್ಲಿ ಉದ್ಯಮವೂ ಬೆಳೀತು. ಜಾನ್ ಸರ್ಲ್ಸ್ ಅನ್ನೋರು 1870ರ ದಶಕದಲ್ಲಿ ಬೋರಾಕ್ಸ್ ತೆಗೆಯೋಕೆ ಶುರು ಮಾಡಿದ್ರು. ಮೊದಲ ಮಹಾಯುದ್ಧ ಬಂದಾಗ ಜರ್ಮನಿಯ ಪೊಟ್ಯಾಷ್ ನಿಂತುಹೋಗಿ ಅಮೆರಿಕದಲ್ಲಿ ಬೆಲೆ ಹತ್ತು ಪಟ್ಟು ದಾಟಿತು, ಗೊಬ್ಬರಕ್ಕೆ ಬೇಕಲ್ಲ, ಆಗ ಎಲ್ಲರ ಕಣ್ಣು ಈ ಬಯಲಿನ ಮೇಲೆ ಬಿತ್ತು. ಲಿಥಿಯಂ ಕೂಡ 1978ರವರೆಗೆ ತೆಗೀತಿದ್ರು. ಇನ್ನೊಂದು ವಿಷಯ ಕೇಳಿದ್ರೆ ನಿಮಗೆ ಆಶ್ಚರ್ಯ ಆಗುತ್ತೆ, 2007ರಲ್ಲಿ ಇಲ್ಲಿ ಉಪ್ಪು ತೆಗೆಯೋ ಕಂಪನಿಯನ್ನ ಕೊಂಡುಕೊಂಡಿದ್ದು ಗುಜರಾತಿನ ನಿರ್ಮಾ. ಹೌದು, ನಮ್ಮ ಟಿವಿಯಲ್ಲಿ ಬರ್ತಿದ್ದ ವಾಷಿಂಗ್ ಪೌಡರಿನವರೇ. ಬಟ್ಟೆ ಪುಡಿಗೆ ಸೋಡಾ ಆಷ್, ಅಂದ್ರೆ ಒಣ ಸೋಡಿಯಂ ಕಾರ್ಬೊನೇಟು ಬೇಕು, ಸೋಡಾ ಆಷ್ ಇಲ್ಲಿ ನೆಲದ ಕೆಳಗಿನ ಉಪ್ಪುನೀರಲ್ಲೇ ಇದೆ. ತೆಗೆಯೋ ವಿಧಾನ ಬಹಳ ಸರಳ. ನೀರನ್ನ ಪಂಪ್ ಮಾಡಿ ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸ್ತಾರೆ, ಕಾರ್ಬೊನೇಟು ಬೈಕಾರ್ಬೊನೇಟ್ ಆಗುತ್ತೆ, ಅದು ಕಮ್ಮಿ ಕರಗೋದ್ರಿಂದ ಹರಳಾಗಿ ಕೂರುತ್ತೆ, ಸೋಸಿ ಕಾಯಿಸಿದ್ರೆ ಸೋಡಾ ಆಷ್.

ಈಗ ಡೆತ್ ವ್ಯಾಲಿ. ಇಲ್ಲಿನ ಬ್ಯಾಡ್‌ವಾಟರ್ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗು. ಈ ಬಟ್ಟಲಿಗೆ ಬರೋ ನೀರು ಬೇರೆ ಬೆಟ್ಟಗಳಿಂದ, ಬೇರೆ ಒರತೆಗಳಿಂದ, ಅದರಲ್ಲಿ ಕ್ಯಾಲ್ಸಿಯಂ ಪಾಲು ಜಾಸ್ತಿ, ಹಾಗಾಗಿ ಕವಲಿನ ಆ ಕಡೆ ದಾರಿ ಹಿಡೀತು, ಸೋಡಾ ಇಲ್ಲ. ಅಂಚಿನಿಂದ ಒಳಗೆ ನಡ್ಕೊಂಡು ಹೋದ್ರೆ ಪಾಠದ ಪುಸ್ತಕ ಓದಿದ ಹಾಗೇ ಇದೆ, ಹೊರಗಿನ ಉಂಗುರದಲ್ಲಿ ಕಾರ್ಬೊನೇಟ್, ಆಮೇಲೆ ಜಿಪ್ಸಂ ಥರದ ಸಲ್ಫೇಟುಗಳು, ನಡುವೆ ಹ್ಯಾಲೈಟ್. ಆಗ ಹೇಳಿದ ಕರಗುವಿಕೆಯ ಕ್ರಮವೇ ನೆಲದ ಮೇಲೆ ಬರೆದಿದೆ. ಅಲ್ಲಿ ಒಂದೆರಡು ಮೀಟರ್ ಅಗಲದ ಐದು ಮೂಲೆ ಆರು ಮೂಲೆ ಚಿತ್ತಾರ ಕಾಣುತ್ತೆ, ಅಂಚುಗಳಲ್ಲಿ ಉಪ್ಪಿನ ದಿಂಡು. ಮಣ್ಣು ಒಣಗಿ ಬಿರುಕು ಬಿಟ್ಟ ಹಾಗೆ ಅಂತ ಬಹಳ ಕಾಲ ಅಂದುಕೊಂಡಿದ್ರು, ಆದ್ರೆ ಪ್ರಪಂಚದ ಯಾವ ಉಪ್ಪಿನ ಬಯಲಿಗೆ ಹೋದ್ರೂ ಅಳತೆ ಹೆಚ್ಚುಕಮ್ಮಿ ಅದೇ, ಹೆಪ್ಪು ತೆಳ್ಳಗಿರಲಿ ದಪ್ಪ ಇರಲಿ. 2023ರಲ್ಲಿ ಒಂದು ತಂಡ ಇದಕ್ಕೆ ಒಳ್ಳೆ ವಿವರಣೆ ಕೊಟ್ಟಿತು. ಹೆಪ್ಪಿನ ಕೆಳಗಿನ ಮರಳಲ್ಲಿ ನೀರಿದೆ, ಮೇಲಿನ ನೀರು ಆವಿಯಾಗಿ ಗಟ್ಟಿ ಉಪ್ಪುನೀರಾಗಿ ಭಾರ ಆಗುತ್ತೆ, ಭಾರ ಆಗಿದ್ದು ಕೆಳಗೆ ಇಳಿಯುತ್ತೆ, ಕಮ್ಮಿ ಉಪ್ಪಿನ ನೀರು ಮೇಲೆ ಏರುತ್ತೆ. ಇಳಿಯೋ ಜಾಗದಲ್ಲಿ ಉಪ್ಪು ಹೆಚ್ಚಾಗಿ ಸೇರಿ ದಿಂಡು ಬೆಳೆಯುತ್ತೆ, ಏರೋ ಜಾಗ ಮಧ್ಯಭಾಗ. ಅಂದ್ರೆ ಮೇಲೆ ಕಾಣೋ ಚಿತ್ತಾರ ನೆಲದೊಳಗೆ ನಿಧಾನವಾಗಿ ಸುತ್ತುತ್ತಿರೋ ನೀರಿನ ಗುರುತು. ಸತ್ತ ಬಯಲು ಅಂತ ಹೇಳ್ತೀವಲ್ಲ, ಒಳಗೆ ಕೆಲಸ ನಿಂತೇ ಇಲ್ಲ.

ಇದೇ ಬಯಲಲ್ಲಿ 1993ರಲ್ಲಿ ಸುಮಾರು 186 ಮೀಟರ್ ಕೊರೆದು ತೆಗೆದ ಉಪ್ಪು ಮತ್ತು ಕೆಸರಿನ ಕಂಬದಲ್ಲಿ ಎರಡು ಲಕ್ಷ ವರ್ಷದ ಹವಾಮಾನ ಇದೆ. ಹ್ಯಾಲೈಟ್ ಹರಳು ಬೆಳೆಯುವಾಗ ಒಳಗೆ ಚಿಕ್ಕ ಚಿಕ್ಕ ಹನಿ ನೀರು ಸಿಕ್ಕಿಕೊಳ್ಳುತ್ತೆ, ಆ ಹನಿ ನೋಡಿ ಆಗಿನ ಕೆರೆ ನೀರು ಎಷ್ಟು ಬಿಸಿ ಇತ್ತು ಅಂತ ಕಂಡುಹಿಡೀತಾರೆ.

ಡೆತ್ ವ್ಯಾಲಿಯಲ್ಲೂ ಬೋರಾನ್ ಇತ್ತು, ಉಲೆಕ್ಸೈಟ್ ಅನ್ನೋ ಹತ್ತಿ ಉಂಡೆ ಥರದ ಖನಿಜವಾಗಿ. 1880ರ ದಶಕದಲ್ಲಿ ಚೀನಾದಿಂದ ಬಂದ ಕೂಲಿಗಳು ಆ ಬಿಸಿಲಲ್ಲಿ ಬಗ್ಗಿ ಅದನ್ನ ಕೆರೆದು ಗುಡ್ಡೆ ಹಾಕ್ತಿದ್ರು. ಹಾರ್ಮನಿ ಬೋರಾಕ್ಸ್ ಕಾರ್ಖಾನೆಯಲ್ಲಿ ಕುದಿಸಿ, ಆರಿಸಿ ಹರಳು ಮಾಡಿ, ಹೇಸರಗತ್ತೆಗಳ ದೊಡ್ಡ ಬಂಡಿಗಳಲ್ಲಿ 265 ಕಿಲೋಮೀಟರ್ ದೂರದ ರೈಲು ನಿಲ್ದಾಣಕ್ಕೆ ಸಾಗಿಸೋರು. ಆದ್ರೆ ಬೇಸಿಗೆಯಲ್ಲಿ ಕಾರ್ಖಾನೆ ಬಂದ್. ಜನರ ಕಷ್ಟ ಅಂತೂ ಇದ್ದೇ ಇತ್ತು, ಅದರ ಜೊತೆ ಕೆಮಿಸ್ಟ್ರಿಯೂ ಬಿಡಲಿಲ್ಲ. ಬೋರಾಕ್ಸ್ ಬಿಸಿನೀರಲ್ಲಿ ತುಂಬಾ ಕರಗುತ್ತೆ, ತಣ್ಣೀರಲ್ಲಿ ಕಮ್ಮಿ, ಹರಳಾಗಬೇಕಾದ್ರೆ ನೀರು ತಣ್ಣಗಾಗಲೇಬೇಕು, ಡೆತ್ ವ್ಯಾಲಿ ಬೇಸಿಗೆಯಲ್ಲಿ ತೊಟ್ಟಿ ನೀರು ತಣ್ಣಗಾಗೋದೇ ಇಲ್ಲ! ಅದಕ್ಕೆ ಬೇಸಿಗೆ ಕೆಲಸವನ್ನ ಸ್ವಲ್ಪ ಎತ್ತರದ ಅಮರ್ಗೋಸಾ ಕಡೆಗೆ ವರ್ಗ ಮಾಡಿದ್ರು.

ಲಿಥಿಯಂ ಬಗ್ಗೆ ಈಗ ಎಲ್ಲರೂ ಕೇಳ್ತಾರೆ, ಬೇಗ ಹೇಳಿಬಿಡ್ತೀನಿ. ಚಿಲಿಯ ಅಟಕಾಮಾ ಬಯಲಲ್ಲಿ ಉಪ್ಪುನೀರು ಪಂಪ್ ಮಾಡಿ ದೊಡ್ಡ ಕೊಳಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಒಣಗಿಸ್ತಾರೆ, ಮೊದಲು ಹ್ಯಾಲೈಟ್, ಆಮೇಲೆ ಪೊಟ್ಯಾಸಿಯಂ ಉಪ್ಪುಗಳು, ಆಮೇಲೆ ಮೆಗ್ನೀಸಿಯಂದು ಕೂರ್ತಾ ಹೋಗುತ್ತೆ, ಲಿಥಿಯಂ ಮಾತ್ರ ಕೊನೆವರೆಗೂ ನೀರಲ್ಲೇ. ಕೊನೆಗೆ ಸೋಡಾ ಆಷ್ ಹಾಕಿ ಬಿಸಿ ಮಾಡಿದ್ರೆ ಲಿಥಿಯಂ ಕಾರ್ಬೊನೇಟ್. ಇದರ ಗುಣ ಬೋರಾಕ್ಸ್‌ಗೆ ಪೂರ್ತಿ ಉಲ್ಟಾ, ಬಿಸಿಯಾದಷ್ಟೂ ಕಮ್ಮಿ ಕರಗುತ್ತೆ. ಉಯುನಿಯಲ್ಲಿ ಲಿಥಿಯಂ ರಾಶಿ ಇದ್ರೂ ತೆಗೆಯೋದು ಕಷ್ಟ ಆಗಿರೋದಕ್ಕೆ ಒಂದು ದೊಡ್ಡ ಕಾರಣ ಮೆಗ್ನೀಸಿಯಂ, ಅಟಕಾಮಾದಲ್ಲಿ ಲಿಥಿಯಂಗೆ ಆರು ಪಟ್ಟಿನಷ್ಟು ಮೆಗ್ನೀಸಿಯಂ ಇದ್ರೆ ಉಯುನಿಯಲ್ಲಿ ಇಪ್ಪತ್ತು ಪಟ್ಟಿನ ಹತ್ರ, ಎರಡನ್ನೂ ಬೇರೆ ಮಾಡೋದಕ್ಕೇ ಖರ್ಚು. ಇನ್ನು ಆ ಮರುಭೂಮಿಯಲ್ಲಿ ಅಷ್ಟೊಂದು ನೀರು ಆಕಾಶಕ್ಕೆ ಬಿಡೋದು ಅಲ್ಲಿನ ಜನಕ್ಕೆ, ಫ್ಲೆಮಿಂಗೋ ಹಕ್ಕಿಗಳಿಗೆ ಏನು ಮಾಡುತ್ತೆ ಅನ್ನೋದು ಬ್ಯಾಟರಿ ಗಾಡಿ ಓಡಿಸೋ ನಾವೂ ಕೇಳ್ಕೋಬೇಕಾದ ಪ್ರಶ್ನೆ.

ಓವೆನ್ಸ್ ಕೆರೆ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. ಸುಮಾರು 280 ಚದರ ಕಿಲೋಮೀಟರ್ ಕೆರೆ, ಒಂದು ಕಾಲಕ್ಕೆ ಅದರ ಮೇಲೆ ಹಬೆ ದೋಣಿ ಓಡಾಡ್ತಿತ್ತು. 1913ರಲ್ಲಿ ಲಾಸ್ ಏಂಜಲೀಸ್ ನಗರ ಓವೆನ್ಸ್ ನದಿಯನ್ನ ಕಾಲುವೆಗೆ ತಿರುಗಿಸಿಕೊಂಡಿತು, 1926ರ ಹೊತ್ತಿಗೆ ಕೆರೆ ಒಣಗಿತ್ತು. ಸಹಜವಾಗಿ ನಿಧಾನಕ್ಕೆ ಒಣಗಿದ ಬಯಲಿಗೆ ಗಟ್ಟಿ ಹ್ಯಾಲೈಟ್ ಹೆಪ್ಪಿರುತ್ತೆ, ಗಾಳಿಗೆ ಅಲ್ಲಾಡಲ್ಲ. ಇಲ್ಲಿ ಹಾಗಾಗಲಿಲ್ಲ, ಯಾಕಂದ್ರೆ ಇಲ್ಲಿರೋದು ಸೋಡಿಯಂ ಕಾರ್ಬೊನೇಟು, ಸೋಡಿಯಂ ಸಲ್ಫೇಟು. ಸೋಡಿಯಂ ಸಲ್ಫೇಟ್‌ಗೆ ಎರಡು ರೂಪ. ಚಳಿಯಲ್ಲಿ ಒಂದೊಂದು ಅಣು ಹತ್ತು ನೀರಿನ ಅಣು ಸೇರಿಸ್ಕೊಂಡು ಮಿರಾಬಿಲೈಟ್ ಆಗುತ್ತೆ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬಿಸಿಲು ಏರಿ ಗಾಳಿ ಒಣಗಿದ್ರೆ ನೀರೆಲ್ಲ ಬಿಟ್ಟು ಥೆನಾರ್ಡೈಟ್. ಮಿರಾಬಿಲೈಟ್ ಆಕ್ರಮಿಸೋ ಜಾಗ ಥೆನಾರ್ಡೈಟಿನ ನಾಲ್ಕು ಪಟ್ಟಿಗಿಂತ ಹೆಚ್ಚು. ಹಾಗಾಗಿ ಚಳಿಗಾಲದಲ್ಲಿ ನೆಲ ಉಬ್ಬಿ ಮೇಲಿನ ಹೆಪ್ಪನ್ನ ಸೀಳುತ್ತೆ, ವಸಂತದಲ್ಲಿ ಒಣಗಿ ಹಿಟ್ಟಿನಷ್ಟು ನಯವಾದ ಪುಡಿ ಉಳಿಯುತ್ತೆ, ಅದೇ ಹೊತ್ತಿಗೆ ಜೋರು ಗಾಳಿ. ಅಮೆರಿಕದಲ್ಲಿ ಒಂದೇ ಜಾಗದಿಂದ ಏಳೋ ನುಣ್ಣನೆ ಧೂಳಿನಲ್ಲಿ ದಶಕಗಳ ಕಾಲ ಓವೆನ್ಸ್ ಮೊದಲನೇದು, ಕಾನೂನಿನ ಮಿತಿಗಿಂತ ಹತ್ತಾರು ಪಟ್ಟು, ಅದರಲ್ಲಿ ಆರ್ಸೆನಿಕ್ ಬೇರೆ, ಲಾಂಗ್ ವ್ಯಾಲಿಯ ಬುಗ್ಗೆಯದ್ದು. ಸುತ್ತಲಿನ ಊರಿನವರು ಇದನ್ನ ಉಸಿರಾಡಿದ್ರು. 2001ರಿಂದ ನಗರವೇ ನೀರು ವಾಪಸ್ ತಂದು ಕೆರೆ ತಳದ ಮೇಲೆ ತೆಳ್ಳಗೆ ಹರಡ್ತಾ, ಕೆಲವು ಕಡೆ ಜಲ್ಲಿ ಹಾಸ್ತಾ, ಕೆಲವು ಕಡೆ ಉಪ್ಪು ತಡೆಯೋ ಹುಲ್ಲು ಬೆಳೆಸ್ತಾ ಇದೆ, ಎರಡು ಬಿಲಿಯನ್ ಡಾಲರ್ ದಾಟಿದೆ ಖರ್ಚು. ಧೂಳು ಬಹಳಷ್ಟು ತಗ್ಗಿದೆ, ಹಕ್ಕಿಗಳೂ ಬಂದಿವೆ. ಆದ್ರೆ ಅವತ್ತು ನದಿ ತಿರುಗಿಸುವಾಗ ಕೆರೆ ತಳದಲ್ಲಿ ಯಾವ ಉಪ್ಪು ಕೂರುತ್ತೆ, ಅದು ಚಳಿಗೆ ಏನು ಮಾಡುತ್ತೆ ಅಂತ ಯೋಚಿಸಿದ್ರೆ ಇಷ್ಟು ಜನರ ಎದೆ ಕೆಡ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಇಷ್ಟು ಹೇಳಿ ನಿಲ್ಲಿಸಿದೆ. ಪ್ರಶ್ನೆಗಳು ಬಹಳ ಬಂದವು, ಮೂರು ಇಲ್ಲಿ ಹಾಕ್ತೀನಿ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಸರ್, ಉಪ್ಪಿನ ಕೆರೆ ಕೆಲವು ಫೋಟೋದಲ್ಲಿ ಗುಲಾಬಿ ಬಣ್ಣ ಇರುತ್ತಲ್ಲ, ಅದು ಯಾವ ಖನಿಜ?" ಅದು ಖನಿಜ ಅಲ್ಲಮ್ಮ, ಜೀವ. ಹ್ಯಾಲೋಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳು, ಗಟ್ಟಿ ಉಪ್ಪುನೀರು ಇಲ್ಲದಿದ್ರೆ ಅವಕ್ಕೆ ಬದುಕೇ ಇಲ್ಲ, ಅವುಗಳ ಮೈಯಲ್ಲಿ ಕೆಂಪು ವರ್ಣದ್ರವ್ಯ ಇದೆ. ಜೊತೆಗೆ ಡುನಾಲಿಯೆಲ್ಲಾ ಅನ್ನೋ ಪಾಚಿ, ಕ್ಯಾರಟ್ಟಿನ ಬೀಟಾ ಕ್ಯಾರೋಟಿನ್ ಅದರಲ್ಲೂ ಇದೆ. ಸರ್ಲ್ಸ್‌ನಲ್ಲಿ ಈ ಜೀವಿಗಳು ಹರಳಿನೊಳಗೇ ಸಿಕ್ಕಿಕೊಂಡು ಹ್ಯಾಲೈಟ್ ಹರಳುಗಳೇ ಗುಲಾಬಿ ಆಗಿವೆ.

ಒಬ್ಬ ಮೇಷ್ಟ್ರು ನಮ್ಮ ದೇಶದ ಸಾಂಭರ್ ಬಗ್ಗೆ ಕೇಳಿದ್ರು. ರಾಜಸ್ಥಾನದ ಸಾಂಭರ್ ನಮ್ಮ ದೇಶದ ಅತಿ ದೊಡ್ಡ ಒಳನಾಡು ಉಪ್ಪುಕೆರೆ, ಅಲ್ಲೂ ಕ್ಯಾಲ್ಸಿಯಂ ಬಹಳ ಕಮ್ಮಿ, ಸೋಡಿಯಂ, ಕ್ಲೋರೈಡ್ ಜೊತೆ ಸಲ್ಫೇಟು ಕಾರ್ಬೊನೇಟು ಉಂಟು. ಕಛ್ ರಣ್‌ನಿಂದ ಗಾಳಿ ಉಪ್ಪು ಹೊತ್ತು ತರುತ್ತೆ ಅಂತ 1909ರಲ್ಲಿ ಹಾಲೆಂಡ್ ಮತ್ತು ಕ್ರಿಸ್ಟಿ ವಾದಿಸಿದ್ರು, ಆಮೇಲೆ ಬಂದೋರಲ್ಲಿ ಹಲವರು ಅರಾವಳಿ ಬಂಡೆಗಳ ಸವೆತವೇ ಸಾಕು ಅಂದ್ರು. ಕ್ಯಾಲ್ಸಿಯಂ ಹಾಗೆ ಖಾಲಿಯಾಗಿರೋದನ್ನ ನೋಡಿದ್ರೆ ನನಗೆ ಎರಡನೇದೇ ಸರಿ ಅನ್ಸುತ್ತೆ.

ಕೊನೆಗೆ ಹಿಂದಿನ ಸಾಲಲ್ಲಿದ್ದ ಒಬ್ಬ ರೈತರು ಎದ್ದರು. "ಸರ, ನಮ್ಮ ಹೊಲದಾಗೂ ಹಿಂಗ ಬೆಳ್ಳಗ ಉಪ್ಪು ಏಳ್ತದ, ನೆಲ್ಲು ಬರವಲ್ದು. ಸವಳು ಅಂತಾರ, ಜಿಪ್ಸಂ ಹಾಕ್ರಿ ಅಂತಾರ. ನೀವು ಹೇಳಿದ್ದಕ್ಕೂ ಇದಕ್ಕೂ ಏನರ ಸಂಬಂಧ ಐತೇನ್ರಿ?"

ಸಂಬಂಧ ಏನು, ಅದೇ ವಿಷಯ ಯಜಮಾನ್ರೇ. ಕಾಲುವೆ ನೀರು ಹೆಚ್ಚಾಗಿ ಬಿಟ್ಟು ಬಿಟ್ಟು ಅಂತರ್ಜಲ ಮೇಲೆ ಬಂದಿದೆ, ಕಪ್ಪು ಮಣ್ಣಲ್ಲಿ ಬೇಗ ಬಸಿಯಲ್ಲ, ಬಿಸಿಲಿಗೆ ನೀರು ಹೋಗಿ ಉಪ್ಪು ಮೇಲೆ ನಿಲ್ಲುತ್ತೆ, ನಿಮ್ಮ ಹೊಲವೇ ಒಂದು ಚಿಕ್ಕ ಮುಚ್ಚಿದ ಬಟ್ಟಲಾಗಿದೆ. ಬೋರ್ ನೀರಿನ ರಿಪೋರ್ಟಲ್ಲಿ ಆರ್‌ಎಸ್‌ಸಿ ಅಂತ ಒಂದು ಅಂಕಿ ಇರುತ್ತೆ, ಉಳಿಕೆ ಸೋಡಿಯಂ ಕಾರ್ಬೊನೇಟು. ಕಾರ್ಬೊನೇಟ್ ಬೈಕಾರ್ಬೊನೇಟ್ ಕೂಡಿಸಿ ಅದರಿಂದ ಕ್ಯಾಲ್ಸಿಯಂ ಮೆಗ್ನೀಸಿಯಂ ಕಳೆದಿದ್ದು. ನಾನು ಇಷ್ಟು ಹೊತ್ತು ಹೇಳಿದ ಮೊದಲ ಕವಲು ಅದೇ. ಅದು 1.25ಕ್ಕಿಂತ ಕಮ್ಮಿ ಇದ್ರೆ ತೊಂದರೆ ಇಲ್ಲ, 2.5 ದಾಟಿದ್ರೆ ಆ ನೀರು ಬಳಸ್ತಾ ಹೋದಂತೆ ಮಣ್ಣಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕೂತು ಸೋಡಿಯಂ ಜೇಡಿಗೆ ಅಂಟಿಕೊಳ್ಳುತ್ತೆ, ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಜಿಪ್ಸಂ ಹಾಕೋದು ಯಾಕಂದ್ರೆ ಅದರ ಕ್ಯಾಲ್ಸಿಯಂ ಜೇಡಿಗೆ ಹೋಗಿ ಕೂತು ಸೋಡಿಯಂ ಅನ್ನ ಎಬ್ಬಿಸುತ್ತೆ. ಎದ್ದ ಸೋಡಿಯಂ ಸಲ್ಫೇಟ್ ಜೊತೆ ಸೇರಿ ನೀರಲ್ಲಿ ಕರಗಿರುತ್ತೆ, ಅದನ್ನ ಹೊಲದಿಂದ ಆಚೆ ಕಳಿಸಲೇಬೇಕು, ಇಲ್ಲಾಂದ್ರೆ ಓವೆನ್ಸ್ ಕೆರೆ ತಳದಲ್ಲಿರೋ ಅದೇ ಉಪ್ಪು ನಿಮ್ಮ ಬದುವಿನ ಮೇಲೆ ಬರುತ್ತೆ. ಹಾಗಾಗಿ ಮೊದಲು ಮಣ್ಣು, ನೀರು ಎರಡೂ ಟೆಸ್ಟ್ ಮಾಡಿಸಿ, ಇದು ಸೋಡಿಯಂ ಅಂಟಿದ ನೆಲವೋ ಬರೀ ಉಪ್ಪು ಏರಿದ ನೆಲವೋ ಗೊತ್ತಾಗಲಿ, ಬರೀ ಉಪ್ಪು ಏರಿದ್ದಾದ್ರೆ ಜಿಪ್ಸಂ ದುಡ್ಡು ದಂಡ, ನೀರು ಬಸಿದ್ರೆ ಸಾಕು. ಎರಡರಲ್ಲಿ ಯಾವುದಾದ್ರೂ ಬಸಿಗಾಲುವೆ ಮಾತ್ರ ಬೇಕೇ ಬೇಕು, ಅದನ್ನ ಒಬ್ಬರೇ ತೆಗೆದ್ರೆ ಆಗಲ್ಲ, ನೀರು ಪಕ್ಕದವರ ಹೊಲಕ್ಕೆ ಹೋಗುತ್ತೆ, ಹಳ್ಳದವರೆಗೆ ಸಾಲಿನವರೆಲ್ಲ ಸೇರಿ ತೆಗೀಬೇಕು.